ಕಲ್ಲುಹೂವಿನ ಕಹಿಗಂಪು



ಕಳೆದ ಸಂಚಿಕೆಯಲ್ಲಿ ಪೂಜೆಯ ಧೂಪದ ವಿಚಾರವಾಗಿ ಬರೆಯುವಾಗ ಮಾತಿಗೆ ಮಾತು ಬೆಳೆದು, ‘ಶೀಪ್ರ್’ ಎಂಬ ಜಾತಿಗೆ ಸೇರಿದ ಹಳೆಯ ಕಾಲದ ಗಡುಸು ಸುಗಂಧಗಳ ಮೇಲೆ ನಮಗಿರುವ ಬಹುಕಾಲದ ಒಲವನ್ನು ಎರಡು ಸಾಲಿನಲ್ಲಿ ಸೂಚಿಸಿದ್ದೆವು. ಆ ಎರಡು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಲೇಖನಕ್ಕೆ ಬರಲಿಲ್ಲ! ಧಾರವಾಡದ ಕಡೆಯ ಹಿರಿಯರೊಬ್ಬರು, ‘ಮಠದ ಪ್ರಸಾದವುಂಡು ಬೆಳೆದ ತಮಗೆ ಪರದೇಶದ ಸೆಂಟಿನ ಹಂಬಲವೇಕೆ?’ ಎಂದು ಸಲುಗೆಯಿಂದಲೇ ಗದರಿದ್ದಾರೆ. ತಾಯಿಯೊಬ್ಬರು, ತಮ್ಮ ಅತ್ತೆಯವರ ಟ್ರಂಕಿನಲ್ಲಿ ಸಿಕ್ಕ ಹಳೆಯ ಕುಪ್ಪಿಯೊಂದರ ದ್ರವ ಕಂದುಗಟ್ಟಿದೆ, ಇಡಬೇಕೋ ಚೆಲ್ಲಬೇಕೋ ಎಂದು ಕೇಳಿದ್ದಾರೆ. ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಆ ಶಬ್ದದ ಅರ್ಥವೇನೆಂದು ಪ್ರಶ್ನಿಸಿದ್ದಾನೆ. ಮೂವರಿಗೂ ಈ ಸಲ ಉತ್ತರಿಸೋಣ. ಹುಡುಗನಿಂದ ಆರಂಭಿಸುವುದು ಸುಲಭ.

ಶೀಪ್ರ್ ಎಂಬುದು ಸೈಪ್ರಸ್ ದ್ವೀಪಕ್ಕೆ ಫ್ರೆಂಚರು ಹೇಳುವ ಹೆಸರು. ಆ ದ್ವೀಪದಲ್ಲಿಯೂ ಅದರ ಸುತ್ತಣ ಸಮುದ್ರತೀರಗಳಲ್ಲಿಯೂ ಸಿಸ್ಟಸ್ ಎಂಬ ಪೊದೆಯುಂಟು. ಬಿಸಿಲಿಗೆ ಅದರ ಎಲೆಗಳಿಂದ ಅಂಟು ಒಸರುತ್ತದೆ. ಮೇಯಲು ಹೋದ ಹೋತಗಳ ಗಡ್ಡಕ್ಕೆ ಆ ಅಂಟು ಮೆತ್ತಿಕೊಳ್ಳುವುದೆಂದೂ ಅದನ್ನು ಅಲ್ಲಿಂದಲೇ ಸಂಗ್ರಹಿಸುವರೆಂದೂ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಈ ಅಂಟಿಗೆ ಲ್ಯಾಬ್ಡನಂ ಎಂದು ಹೆಸರು. 1917ರಲ್ಲಿ ಕಾರ್ಸಿಕಾ ದ್ವೀಪದಿಂದ ಬಂದ ಫ್ರಾನ್ಸ್ವಾ ಕೋಟಿ ಎಂಬ ಸುಗಂಧದ ವ್ಯಾಪಾರಿ ‘ಶೀಪ್ರ್’ ಎಂಬ ಹೆಸರಿನಲ್ಲಿಯೇ ಒಂದು ಪರಿಮಳದ್ರವ್ಯವನ್ನು ಮಾರುಕಟ್ಟೆಗೆ ತಂದನು. ಆ ಹೆಸರಿನ ಸುಗಂಧಗಳು ಅದಕ್ಕೂ ಮುನ್ನ ಇದ್ದವು. ಆದರೆ ಕೋಟಿಯದು ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಅದರ ಹೆಸರೇ ಒಂದು ವಂಶದ ಹೆಸರಾಯಿತು. ಎರಡು ವರ್ಷ ಕಳೆದು, 1919ರಲ್ಲಿ, ಝಾಕ್ ಗೆರ್ಲೇನ್ ಅದೇ ತಳಹದಿಯ ಮೇಲೆ ಪೀಚ್ ಹಣ್ಣಿನ ವಾಸನೆಯ ಒಂದು ರಾಸಾಯನಿಕವನ್ನು ಸೇರಿಸಿ ‘ಮಿತ್ಸುಕೋ’ವನ್ನು ಕಟ್ಟಿದನು. ಅನಂತರ ಈ ವಂಶ ಬೆಳೆಯಿತು. 1944ರ ‘ಬ್ಯಾಂಡಿಟ್’, 1947ರ ‘ಮಿಸ್ ಡಿಯೋರ್’, 1959ರ ‘ಕಬೋಶಾರ್’, 1971ರ ‘ಅರೋಮ್ಯಾಟಿಕ್ಸ್ ಎಲಿಕ್ಸಿರ್’ ಇವೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. ಕಬೋಶಾರ್ ಎಂದರೆ ಫ್ರೆಂಚಿನಲ್ಲಿ ಹಟಮಾರಿ ಎಂದರ್ಥ. ಅಂಥ ಹೆಸರನ್ನು ಪರಿಮಳಕ್ಕೆ ಇಡಲು ಧೈರ್ಯ ಬೇಕು. ಆ ಸುಗಂಧಕ್ಕೆ ಆ ಹೆಸರು ಸಂದಿದೆ.

ಇವುಗಳ ಕಟ್ಟಡ ಹೇಗೆಂದರೆ, ಮೇಲಂತಸ್ತಿನಲ್ಲಿ ಬರ್ಗಮಾಟ್ ಎಂಬ ಇಟಲಿಯ ಹುಳಿಹಣ್ಣಿನ ಸಿಪ್ಪೆಯ ಎಣ್ಣೆ. ನಮ್ಮ ಹೇರಳೆಕಾಯಿಯ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಮೂಗಿಗೆ ಚಿಮ್ಮುವ ಚುರುಕನ್ನು ನೆನೆದರೆ ಅದರ ಸಮೀಪಕ್ಕೆ ಬಂದಂತೆ. ನಡುವೆ ಮಲ್ಲಿಗೆ, ಗುಲಾಬಿ. ತಳದಲ್ಲಿ ಮೇಲೆ ಹೇಳಿದ ಅಂಟು, ಮತ್ತು ಓಕ್ ಮರದ ತೊಗಟೆಯ ಮೇಲೆ ಬೆಳೆಯುವ ಒಂದು ಬಗೆಯ ಹಾವಸೆ. ಹುಳಿ ಬೇಗ ಹಾರಿಹೋಗುತ್ತದೆ, ಹೂವು ಕೆಲಹೊತ್ತು ನಿಲ್ಲುತ್ತದೆ, ಹಾವಸೆ ಮಾತ್ರ ಮರುದಿನವೂ ಶಲ್ಯದ ಅಂಚಿನಲ್ಲಿ ಉಳಿದಿರುತ್ತದೆ. ಇದು ಸಿಹಿಯಾದ ವಾಸನೆಯಲ್ಲ. ಕಹಿ, ಒಗರು, ಒದ್ದೆ ಮಣ್ಣು, ಹಳೆಯ ಮರ ಇವೆಲ್ಲ ಸೇರಿದ ಒಂದು ಗಾಂಭೀರ್ಯ ಅದರಲ್ಲಿದೆ. ಮೊದಲ ಸಲ ಮೂಸಿದವರು ಮುಖ ಹಿಂದಕ್ಕೆ ಸರಿಸುವುದು ಸಹಜ. ನಮ್ಮ ಮನೆಯವರು ನಲವತ್ತು ವರ್ಷಗಳಿಂದಲೂ ಇದನ್ನು ‘ಬಾಗಿಲು ತೆಗೆಯದ ಕಪಾಟಿನ ವಾಸನೆ’ ಎಂದೇ ಕರೆಯುತ್ತ ಬಂದಿದ್ದಾರೆ.

ಇದರ ರುಚಿ ತಿಳಿಯಬೇಕೆನ್ನುವವರು ಆಷಾಢದಲ್ಲೊಮ್ಮೆ ನಮ್ಮ ಅಂಬಲಪಾಡಿಗೆ ಬರಬೇಕು. ಬಯಲುಸೀಮೆಯಲ್ಲಿ ಹುಟ್ಟಿ, ಮಠದಲ್ಲಿ ಓದಿ, ಅಧ್ಯಾಪನದ ನಿಮಿತ್ತ ಉಡುಪಿಗೆ ಬಂದ ನಮಗೆ ಈ ಕರಾವಳಿಯ ಮಳೆ ಮೊದಲ ವರ್ಷ ದಿಗಿಲು ಹುಟ್ಟಿಸಿತ್ತು. ಇಲ್ಲಿ ಕಾಂಪೌಂಡಿನ ಗೋಡೆಗಳು ಕೆಂಪುಕಲ್ಲಿನವು. ಜೂನ್ ತಿಂಗಳ ಮಳೆ ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಆ ಕಲ್ಲಿನ ಪ್ರತಿ ರಂಧ್ರದಲ್ಲಿಯೂ ಹಸಿರು ಪಾಚಿ ಮೂಡಿ, ಅಂಗಳ ಜಾರತೊಡಗುತ್ತದೆ. ನೆರೆಹೊರೆಯವರು ಬ್ಲೀಚಿಂಗ್ ಪೌಡರು ಚೆಲ್ಲಿ ತಿಕ್ಕುತ್ತಾರೆ. ನಾವು ಗೋಡೆಯ ಒಂದು ಮೂಲೆಯನ್ನು ಮಾತ್ರ ಹಾಗೆಯೇ ಬಿಡಿಸಿಕೊಂಡಿದ್ದೇವೆ. ಮಳೆ ಹೊಳವಾದ ಬೆಳಿಗ್ಗೆ, ಆ ಮೂಲೆಯ ಪಾಚಿ, ಕೊಳೆತ ಹಲಸಿನೆಲೆ, ಪಕ್ಕದ ಮನೆಯ ಮಲ್ಲಿಗೆ ಗಿಡ ಇವುಗಳ ಮೇಲಿಂದ ಬೀಸಿ ಬರುವ ಗಾಳಿಯನ್ನು ಒಮ್ಮೆ ಎಳೆದುಕೊಂಡರೆ, ಪ್ಯಾರಿಸ್ಸಿನ ಕುಪ್ಪಿಗಳಲ್ಲಿ ಏನಿತ್ತೆಂಬುದನ್ನು ವಿವರಿಸುವ ಕಷ್ಟ ತಪ್ಪುತ್ತದೆ.

ಈಗ ಹಿರಿಯರ ಆಕ್ಷೇಪಣೆಗೆ ಬರೋಣ. ಪರದೇಶದ್ದು ಎಂಬ ಮಾತನ್ನು ಅವರು ಬಳಸಿದ್ದಾರೆ. ಅದರ ಬಗೆಗೆ ಒಂದು ಪ್ರಸಂಗ.

ನಾವು ಪಾಠಶಾಲೆಯಲ್ಲಿ ಸಂಸ್ಕೃತ ಕಲಿಯುತ್ತಿದ್ದ 1970ರ ದಶಕದಲ್ಲಿ, ಮುಂಬಯಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಭಕ್ತರ ಮನೆಯ ತಾಯಿಯೊಬ್ಬರು ಮಠಕ್ಕೆ ಬಂದು, ನಮ್ಮ ಶಾಸ್ತ್ರಪಾಠದ ಗುರುಗಳಿಗೆ ಒಂದು ಉಣ್ಣೆಯ ಶಾಲನ್ನು ಹೊದಿಸಿದರು. ಬಹುದಿನ ತಮ್ಮ ಬೀರುವಿನಲ್ಲಿಯೇ ಇದ್ದ ಶಾಲು. ಅದರಿಂದ ಹೊಮ್ಮಿದ ವಾಸನೆಗೆ ಓದುತ್ತಿದ್ದ ಹುಡುಗರೆಲ್ಲ ತಲೆಯೆತ್ತಿದೆವು. ಗುರುಗಳು ಮಠದ ಧೂಪವನ್ನು ತಾವೇ ಕುಟ್ಟಿ ಕೂಡಿಸುತ್ತಿದ್ದವರು. ಶಾಲಿನ ತುದಿಯನ್ನು ಮೂಗಿಗೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಾಯಿ, ಇದರಾಗ ಕಲ್ಲಹೂ ಐತಿ, ಪಚ್ಚೆತೆನಿ ಐತಿ’ ಎಂದರು. ಆ ತಾಯಿ ನಕ್ಕು, ‘ಇಲ್ರೀ ಅಜ್ಜಾರ, ಇದು ಪ್ಯಾರಿಸ್ಸಿನದು’ ಎಂದು ಕಬೋಶಾರ್ ಎಂಬ ಹೆಸರು ಹೇಳಿದರು. ಗುರುಗಳು, ‘ಇರಬೇಕು; ಅಲ್ಲೂ ಕಲ್ಲಿರತಾವ’ ಎಂದು ಪಾಠ ಮುಂದುವರಿಸಿದರು.

ಹಲವು ವರ್ಷಗಳ ಬಳಿಕ ಪುಸ್ತಕಗಳನ್ನು ತಿರುವಿ ನೋಡಿದಾಗ ಆ ಮೂಗು ಎಷ್ಟು ನಿಖರವೆಂದು ತಿಳಿದು ಬೆರಗಾದೆವು. ಯೂರೋಪಿನವರು ಓಕ್ ಹಾವಸೆ ಎನ್ನುವುದು ನಿಜವಾಗಿ ಹಾವಸೆಯಲ್ಲ. ಅದು ಪಾಚಿಯೂ ಶಿಲೀಂಧ್ರವೂ ಒಂದೇ ದೇಹವಾಗಿ ಕೂಡಿ ಬಾಳುವ ಕಲ್ಲುಹೂವಿನ ಜಾತಿ. ಶಾಸ್ತ್ರಜ್ಞರು ಅದನ್ನು ಎವರ್ನಿಯಾ ಪ್ರುನಾಸ್ಟ್ರಿ ಎನ್ನುತ್ತಾರೆ. ಬಾಲ್ಕನ್ ದೇಶಗಳ ಕಾಡುಗಳಲ್ಲಿ ಅದನ್ನು ಕೆರೆದು ತೆಗೆದು, ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ಅದರ ಸಾರವನ್ನು ಇಳಿಸುತ್ತ ಬಂದಿದ್ದಾರೆ. ನಮ್ಮ ಮಸಾಲೆಯ ಡಬ್ಬಿಯಲ್ಲಿರುವ ಕಲ್ಲುಹೂವು, ಉತ್ತರ ಕರ್ನಾಟಕದ ತಾಯಂದಿರು ದಗಡಫೂಲ ಎನ್ನುವುದು, ಸಸ್ಯಶಾಸ್ತ್ರದ ವರ್ಗೀಕರಣದಲ್ಲಿ ಅದೇ ಕುಟುಂಬಕ್ಕೆ ಸೇರಿದೆ. ಹಾಗೆಯೇ ಮೂಸಿದರೆ ಧೂಳಿನಂತೆ ತೋರುವ ಆ ಬೂದುಬಣ್ಣದ ಚಕ್ಕೆಯನ್ನು ಕಾದ ಎಣ್ಣೆಗೆ ಹಾಕಿ ನೋಡಿ. ಮನೆತುಂಬ ಹರಡುವ ಆ ಗಾಢವಾದ ಕಾಡಿನ ವಾಸನೆಯೇ ನಾವು ಇಷ್ಟು ಹೊತ್ತು ಬಣ್ಣಿಸುತ್ತಿರುವ ಪದಾರ್ಥದ ಒಡಹುಟ್ಟು.

ನಮ್ಮ ಪೂರ್ವಿಕರು ಅದನ್ನು ಮಸಾಲೆಗಷ್ಟೇ ಸೀಮಿತಗೊಳಿಸಿರಲಿಲ್ಲ. ಸಂಸ್ಕೃತದಲ್ಲಿ ಅದಕ್ಕೆ ಶೈಲೇಯವೆಂದು ಹೆಸರು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಹದಿನಾರು ದ್ರವ್ಯಗಳನ್ನು ಹೇಳಿ, ಅವುಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿದರೆ 1820 ಬಗೆಯಾಗುವುದೆಂದು ಲೆಕ್ಕ ಹಾಕಿದ್ದಾನೆ. ಲಾವಂಚ, ಕರ್ಪೂರ, ಅಗರುಗಳ ಜೊತೆಗೆ ಶೈಲೇಯವೂ ಆ ಹದಿನಾರರಲ್ಲಿ ಒಂದು. ಗಣಿತದ ಮೇಷ್ಟ್ರುಗಳು ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಲೆಕ್ಕವನ್ನೂ ಮರೆಯಲಾರರು, ಕಲ್ಲುಹೂವನ್ನೂ ಮರೆಯಲಾರರು. ಕನ್ನಡದಲ್ಲಿಯೇ, ಸುಮಾರು 1025ರಲ್ಲಿ, ಚಾಲುಕ್ಯರ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಮನೆ ಕಟ್ಟುವುದು, ಬಾವಿ ತೋಡುವುದು, ಅಡುಗೆ, ಔಷಧ ಇವುಗಳ ಸಾಲಿನಲ್ಲಿಯೇ ಸುಗಂಧ ಕೂಡಿಸುವುದನ್ನೂ ಇಟ್ಟಿದ್ದಾನೆ. ಬಸವಣ್ಣನವರ ಕಾಲಕ್ಕೆ ತುಸು ಮುನ್ನ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ವಿಲೇಪನಕ್ಕೆ, ಧೂಪಕ್ಕೆ ಬೇರೆ ಬೇರೆ ಪ್ರಕರಣಗಳಿವೆ. ಗೃಹಸ್ಥನಿಗೆ ಬಾವಿಯಷ್ಟೇ ಗಂಧವೂ ಅಗತ್ಯವೆಂದು ತಿಳಿದಿದ್ದ ಆ ಚಾವುಂಡರಾಯನ ಗ್ರಂಥವನ್ನು ನಮ್ಮ ಮನೆಗಳಲ್ಲಿ ಇನ್ನಷ್ಟು ಜನ ಓದಬೇಕಾಗಿತ್ತು.

ಗುರುಗಳು ಹೇಳಿದ ಎರಡನೆಯ ದ್ರವ್ಯ ಪಚ್ಚೆತೆನೆ. ಹೂವಿನ ದಂಡೆಯಲ್ಲಿ ಮರುಗ ದವನಗಳ ಜೊತೆ ಕಟ್ಟುವ ಈ ಎಲೆಯನ್ನು ಕಂಡವರಿಗೆ, ಲೋಕವೆಲ್ಲ ಪಚೌಲಿ ಎಂದು ಕರೆಯುವ ಎಣ್ಣೆ ಇದರ ಬಳಗದ್ದೇ ಎಂದು ತಿಳಿದಿರಲಿಕ್ಕಿಲ್ಲ. ಪಚೌಲಿ ಎಂಬ ಆ ಶಬ್ದವೇ ದ್ರಾವಿಡ ಮೂಲದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಶಾಲುಗಳು ಹಡಗೇರಿ ಹೋಗುವಾಗ, ನುಸಿ ಹತ್ತದಿರಲೆಂದು ಮಡಿಕೆಗಳ ನಡುವೆ ಒಣಗಿದ ಪಚೌಲಿ ಎಲೆಯನ್ನಿಡುತ್ತಿದ್ದರು. ಯೂರೋಪಿನ ಶ್ರೀಮಂತರ ಮನೆಗಳಲ್ಲಿ ಆ ವಾಸನೆಯಿಲ್ಲದ ಶಾಲು ಅಸಲು ಭಾರತದ್ದಲ್ಲವೆಂದು ಸಂಶಯಪಡುವಂತಾಯಿತು. ಮುಂಬಯಿಯ ತಾಯಿ ತಂದ ಶಾಲಿಗೆ ಫ್ರಾನ್ಸಿನ ಸುಗಂಧ ಹತ್ತಿ, ಅದರೊಳಗಿಂದ ಪಚ್ಚೆತೆನೆ ಮರಳಿ ಮಠಕ್ಕೆ ಬಂದದ್ದು ಹೀಗೆ.

ಮಲ್ಲಿಗೆಯ ವಿಚಾರ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಕಾಪು ತಾಲ್ಲೂಕಿನ ಶಂಕರಪುರದ ಸುತ್ತಮುತ್ತ ಬೆಳೆಯುವ ಹೂವೇ ಉಡುಪಿ ಮಲ್ಲಿಗೆಯೆಂದು ಭೌಗೋಳಿಕ ಸೂಚಕದ ಮನ್ನಣೆ ಪಡೆದಿದೆ. ಬಯಲುಸೀಮೆಯ ಓದುಗರಿಗಾಗಿ ಒಂದು ಮಾತು: ಇಲ್ಲಿ ಹೂವನ್ನು ಮೊಳದ ಲೆಕ್ಕದಲ್ಲಿ ಮಾರುವುದಿಲ್ಲ. ಬಾಳೆನಾರಿನಲ್ಲಿ ಕಟ್ಟಿದ ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮನೆಯಂಗಳದ ಗಿಡಗಳಿಂದ ಬೆಳಗಿನ ಜಾವ ಮೊಗ್ಗು ಬಿಡಿಸಿ ಕಟ್ಟುವ ಹೆಣ್ಣುಮಕ್ಕಳ ಕೈಚಳಕವನ್ನು ನಿಂತು ನೋಡಬೇಕು. ಫ್ರಾನ್ಸಿನ ಸುಗಂಧಗಾರರು ಮುಖ್ಯವಾಗಿ ಬಳಸಿದ್ದು ನಾವು ಜಾಜಿ ಎನ್ನುವ ಜಾತಿಯನ್ನು. ಶಂಕರಪುರದ್ದು ದುಂಡುಮಲ್ಲಿಗೆಯ ಕುಲ. ಎರಡರಲ್ಲಿಯೂ, ಹೂವು ಪೂರ್ತಿ ಅರಳಿ ಬಾಡುವ ಹೊತ್ತಿಗೆ, ಸಿಹಿಯ ಅಡಿಯಲ್ಲಿ ಒಂದು ಬಗೆಯ ಕೊಳೆತ ಛಾಯೆ ಕಾಣಿಸಿಕೊಳ್ಳುತ್ತದೆ. ಶೀಪ್ರ್‌ನಲ್ಲಿ ಮಲ್ಲಿಗೆಗೆ ಸ್ಥಾನ ಸಿಕ್ಕಿದ್ದು ಆ ಛಾಯೆಯಿಂದಲೇ ಎಂದು ನಮ್ಮ ಅಭಿಪ್ರಾಯ.

ಇನ್ನು ಶ್ರೀಗಂಧ. ಇಲ್ಲಿ ನಮ್ಮ ಲೇಖನಿ ಸ್ವಲ್ಪ ತಡೆಯುತ್ತದೆ.

ಮೊದಲನೆಯ ಮಹಾಯುದ್ಧದವರೆಗೂ ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಹರಾಜಾಗಿ ಹಡಗೇರಿ ಜರ್ಮನಿ ಮೊದಲಾದೆಡೆ ಹೋಗಿ, ಅಲ್ಲಿಯೇ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಯುದ್ಧ ಆರಂಭವಾಗಿ ಆ ವ್ಯಾಪಾರ ನಿಂತುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ, 1916ರಲ್ಲಿ ಸಂಸ್ಥಾನವು ತಾನೇ ಎಣ್ಣೆ ಬಟ್ಟಿ ಇಳಿಸಲಾರಂಭಿಸಿತು. ಕೋಟಿಯ ಶೀಪ್ರ್ ಬಂದದ್ದು ಅದರ ಮರುವರ್ಷ. ಮುಂದೆ ಬಹುಕಾಲದವರೆಗೆ ಆ ದೇಶದ ಸುಗಂಧಗಾರರ ಬಾಯಲ್ಲಿ ‘ಮೈಸೂರು’ ಎಂಬುದು ಊರಿನ ಹೆಸರಾಗಿ ಉಳಿಯದೆ ಒಂದು ದರ್ಜೆಯ ಹೆಸರಾಯಿತು. ಅವರ ಎಷ್ಟೋ ಗಡುಸು ಸುಗಂಧಗಳ ತಳದಲ್ಲಿ, ಹಾವಸೆಯ ಕಹಿಯನ್ನು ಹಾಲಿನಂತೆ ಮೃದುಗೊಳಿಸಿದ್ದು ನಮ್ಮ ಗಂಧದೆಣ್ಣೆ. ಹಳೆಯ ಕುಪ್ಪಿಯೊಂದನ್ನು ತೆರೆದಾಗ ಆ ಪರಿಚಿತ ಮೃದುತ್ವ ಮೂಗಿಗೆ ಬಂದರೆ, ಪರಸ್ಥಳದಲ್ಲಿ ಊರಿನವರನ್ನು ಕಂಡಂತಾಗುತ್ತದೆ.

ಆದರೆ ಈ ಎಣ್ಣೆ ಹೂವಿನಿಂದ ಬರುವಂಥದಲ್ಲ. ಮರದ ನಡುಗಿರುಳಿನಿಂದ, ಬೇರಿನಿಂದ ಬರುವಂಥದು. ಕಾಂಡದಲ್ಲಿ ಆ ತಿರುಳು ಕೂಡಲು ದಶಕಗಳು ಬೇಕು, ಅದು ಸಿಗಬೇಕಾದರೆ ಮರವನ್ನು ಬೇರುಸಹಿತ ಕೀಳಬೇಕು. ಮಲ್ಲಿಗೆಯಂತೆ ನಾಳೆ ಮತ್ತೆ ಬಿಡುವಂತಿಲ್ಲ. ಟಿಪ್ಪು ಸುಲ್ತಾನನು 1792ರಲ್ಲಿ ಇದನ್ನು ರಾಜವೃಕ್ಷವೆಂದು ಸಾರಿದ ಮೇಲೆ, ರೈತನ ಹೊಲದಲ್ಲಿ ಹುಟ್ಟಿದರೂ ಮರ ಸರ್ಕಾರದ್ದೇ ಎಂಬ ವ್ಯವಸ್ಥೆ ಇನ್ನೂರು ವರ್ಷ ನಡೆಯಿತು. ತನ್ನದಲ್ಲದ ಮರವನ್ನು ಯಾವ ರೈತ ಪ್ರೀತಿಯಿಂದ ಬೆಳೆಸಿಯಾನು? ಬದುವಿನಲ್ಲಿ ಸಸಿ ಕಂಡರೆ ಕಿತ್ತೆಸೆದವರೇ ಹೆಚ್ಚು. ಜೊತೆಗೆ 1899ರಲ್ಲಿ ಕೊಡಗಿನಲ್ಲಿ ಮೊದಲು ಕಾಣಿಸಿಕೊಂಡ ಸ್ಪೈಕ್ ರೋಗ ಕಾಡುಕಾಡುಗಳನ್ನೇ ಒಣಗಿಸಿತು. ಕಳ್ಳಸಾಗಣೆಯ ಕಥೆ ಎಲ್ಲರಿಗೂ ಗೊತ್ತು. 1998ರಲ್ಲಿ ಈ ಮರವು ಅಪಾಯಕ್ಕೊಳಗಾದ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. 2001ರ ತಿದ್ದುಪಡಿಯ ಬಳಿಕವಷ್ಟೇ ಕರ್ನಾಟಕದಲ್ಲಿ ಜಮೀನಿನ ಒಡೆಯನಿಗೆ ತನ್ನ ಜಮೀನಿನ ಗಂಧದ ಮರದ ಮೇಲೆ ಹಕ್ಕು ಬಂದಿತು.

ಆದುದರಿಂದ ಹಳೆಯ ಶೀಪ್ರ್‌ಗಳನ್ನು ಹೊಗಳುವಾಗ ಒಂದು ಮಾತನ್ನು ನುಂಗಿಕೊಳ್ಳುವುದು ಸಾಧ್ಯವಿಲ್ಲ. ಅವುಗಳ ಆ ಧಾರಾಳತನ, ತಳದಲ್ಲಿ ಲೆಕ್ಕವಿಲ್ಲದೆ ಸುರಿದ ಆ ಗಂಧ, ನಮ್ಮ ಕಾಡುಗಳ ವೆಚ್ಚದಲ್ಲಿ ಬಂದದ್ದು. ಅಂದಿನ ಧಾರಾಳ ಇಂದಿಗೆ ಇರಬಾರದೆಂದೇ ನಾವು ಹೇಳುತ್ತೇವೆ. ಹಾಗೆ ಹೇಳುತ್ತಲೇ ಆ ಕುಪ್ಪಿಯನ್ನು ಪ್ರೀತಿಸುತ್ತೇವೆ ಕೂಡ. ಈ ಎರಡೂ ಒಂದೇ ಎದೆಯಲ್ಲಿ ಇರಬಹುದೆಂದು ನಮ್ಮ ಅನುಭವ.

ಹಾವಸೆಗೂ ಹೀಗೆಯೇ ಕತ್ತರಿ ಬಿದ್ದಿದೆ, ಕಾರಣ ಮಾತ್ರ ಬೇರೆ. ಅದರಲ್ಲಿರುವ ಅಟ್ರನಾಲ್, ಕ್ಲೋರೊ ಅಟ್ರನಾಲ್ ಎಂಬ ಎರಡು ಅಂಶಗಳು ಕೆಲವರ ಚರ್ಮಕ್ಕೆ ಒಗ್ಗದೆ ಗಂದೆ, ತುರಿಕೆ ಏಳಿಸುತ್ತವೆ. ಸುಗಂಧ ಉದ್ಯಮದವರು ಮೊದಲು ಹಾವಸೆಯ ಪ್ರಮಾಣಕ್ಕೆ ತಾವೇ ಮಿತಿ ಹಾಕಿಕೊಂಡರು. ಅನಂತರ ಐರೋಪ್ಯ ಒಕ್ಕೂಟವು 2017ರಲ್ಲಿ ಈ ಎರಡು ಅಂಶಗಳನ್ನೇ ನಿಷೇಧಿಸಿ, 2021ರ ಆಗಸ್ಟ್ ವೇಳೆಗೆ ಅವುಗಳಿರುವ ಸರಕೆಲ್ಲ ಅಂಗಡಿಗಳಿಂದ ಹೊರಹೋಗಬೇಕೆಂದು ಗಡುವಿಟ್ಟಿತು. ಈಗ ಶೋಧಿಸಿದ ಹಾವಸೆಯ ಸಾರವನ್ನು ಬಳಸುತ್ತಾರೆ, ಅಥವಾ ಬೇರೆ ದ್ರವ್ಯಗಳಿಂದ ಅದರ ಜಾಗ ತುಂಬುತ್ತಾರೆ. ಹಳೆಯ ಸುಗಂಧಪ್ರಿಯರು ಈ ನಿಯಮವನ್ನು ಶಪಿಸುವುದುಂಟು. ಮೈ ತುರಿಸಿಕೊಳ್ಳುವವನ ಕಷ್ಟ ಅವನಿಗೇ ಗೊತ್ತು, ನಾವು ಶಪಿಸಲಾರೆವು. ಆದರೆ ಅದೇ ಹೆಸರು, ಅದೇ ಆಕಾರದ ಕುಪ್ಪಿ ಎಂದ ಮಾತ್ರಕ್ಕೆ ಒಳಗಿರುವುದು ಅದೇ ಎಂದು ತಿಳಿಯಬಾರದು. ವಿದೇಶದಲ್ಲಿರುವ ಶಿಷ್ಯನೊಬ್ಬ ಹೊಸ ಮಿತ್ಸುಕೋವನ್ನು ತಂದುಕೊಟ್ಟಾಗ ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿದೆವು. ರಾಗ ಅದೇ, ಮಂದ್ರಸ್ಥಾಯಿ ಮಾತ್ರ ಕ್ಷೀಣ. ಇಂದಿನ ಅಂಗಡಿಗಳಲ್ಲಿ ರಾಶಿ ಬಿದ್ದಿರುವ ಮಿಠಾಯಿ ವಾಸನೆಯ ಸೆಂಟುಗಳಿಗಿಂತ ಅದು ಎಷ್ಟೋ ಮೇಲು. 1992ರ ‘ಏಂಜಲ್’ ಎಂಬುದು ಸಕ್ಕರೆಪಾಕದ ಘಮವನ್ನು ಪಚೌಲಿಯ ಜೊತೆ ಕೂಡಿಸಿ ಗೆದ್ದ ಮೇಲೆ, ಸಕ್ಕರೆಯನ್ನು ಇಟ್ಟುಕೊಂಡು ಪಚೌಲಿಯನ್ನು ಕೈಬಿಟ್ಟವರೇ ಬಹಳ.

ಕೋಟಿಯ ಮೂಲ ಶೀಪ್ರ್ ಈಗ ತಯಾರಾಗುವುದೇ ಇಲ್ಲ. ಫ್ರಾನ್ಸಿನ ವರ್ಸೈಲ್ಸ್ ಪಟ್ಟಣದಲ್ಲಿ 1990ರಲ್ಲಿ ಸ್ಥಾಪನೆಯಾದ ಆಸ್ಮೊಥೆಕ್ ಎಂಬ ಸಂಸ್ಥೆಯು, ಮರೆಯಾದ ಸುಗಂಧಗಳನ್ನು ಮೂಲ ಸೂತ್ರಗಳಂತೆ ಮತ್ತೆ ಕಟ್ಟಿ, ತಂಪಿನಲ್ಲಿ, ಕತ್ತಲಲ್ಲಿ, ಗಾಳಿ ತಾಗದಂತೆ ಆರ್ಗಾನ್ ಅನಿಲದ ಕೆಳಗೆ ಕಾಪಾಡುತ್ತಿದೆ. ಶೀಪ್ರ್ ಅಲ್ಲಿ ಉಂಟು. ಓಲೆಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ, ಬಟ್ಟೆ ಸುತ್ತಿ ಕಟ್ಟಿಡುವ ಕೆಲಸದಲ್ಲಿಯೇ ಯೌವನ ಕಳೆದ ನಮಗೆ ಆ ಭಂಡಾರದ ಸುದ್ದಿ ಓದಿ ಬಹಳ ಸಂತೋಷವಾಯಿತು.

ಹಿರಿಯರ ಪ್ರಶ್ನೆಯ ಉಳಿದರ್ಧ ಇನ್ನೂ ಇದೆ: ವಿರಕ್ತಮಠದ ಶಿಕ್ಷಣಕ್ಕೂ ಮೂಗಿನ ಸುಖಕ್ಕೂ ಎಲ್ಲಿಯ ಹೊಂದಾಣಿಕೆ? ಷಟ್ಸ್ಥಲವನ್ನು ಬಲ್ಲವರಿಗೆ ಇದು ಹೊಸದಲ್ಲ. ಭಕ್ತಸ್ಥಲದಲ್ಲಿ ಆಚಾರಲಿಂಗ, ಅದರ ತತ್ತ್ವ ಪೃಥ್ವಿ, ಅದರ ಇಂದ್ರಿಯ ಘ್ರಾಣ, ಅದಕ್ಕೆ ಅರ್ಪಿತವಾಗುವ ಪದಾರ್ಥ ಗಂಧ. ರಸ, ರೂಪ, ಸ್ಪರ್ಶ, ಶಬ್ದಗಳೆಲ್ಲ ಮುಂದಿನ ಸ್ಥಲಗಳವು. ಮೊದಲ ಮೆಟ್ಟಿಲಿನಲ್ಲಿ ನಿಂತಿರುವುದು ಮೂಗು, ಅದರ ಕೆಳಗೆ ಮಣ್ಣು. ಮೂಗನ್ನು ಮುಚ್ಚಿಕೊಳ್ಳೆಂದು ಶರಣರು ಹೇಳಲಿಲ್ಲ, ಒಳಬಂದದ್ದನ್ನು ಅರ್ಪಿಸಿಕೊಳ್ಳೆಂದರು. ಅರ್ಪಿಸಿದ ಮೇಲೆ ಅದು ಪ್ರಸಾದ. ಹೀಗಾಗಿ ನಾವು ಸುಗಂಧ ಹಚ್ಚಿಕೊಳ್ಳುವುದು ಸಂಜೆ, ಮನೆಯಲ್ಲಿ, ಶಲ್ಯದ ಅಂಚಿಗೆ ಒಂದೇ ಹನಿ. ಪ್ರವಚನಕ್ಕೋ ಮದುವೆ ಮನೆಗೋ ಹೋಗುವಾಗ ಹಚ್ಚಿಕೊಳ್ಳುವುದಿಲ್ಲ. ಪಕ್ಕದಲ್ಲಿ ಕುಳಿತವರ ಮೂಗು ಅವರ ಅರ್ಪಣೆಗೆ ಮೀಸಲು. ಅಲ್ಲಿ ನಮ್ಮ ಹಾವಸೆಗೆ ಕೆಲಸವಿಲ್ಲ.

ಈ ಮಾತನ್ನು ಪಾಠದಲ್ಲಿ ನೂರಾರು ಸಲ ಹೇಳಿದ್ದ ನಮಗೆ ಅದು ಮೈಗೆ ಹತ್ತಿದ್ದು 2021ರ ಬೇಸಿಗೆಯಲ್ಲಿ. ಕೊರೋನಾ ಜ್ವರ ಬಿಟ್ಟುಹೋದ ಮೇಲೆ ವಾಸನೆ ಮರಳಲಿಲ್ಲ. ಮೊದಲ ವಾರ ತಮಾಷೆಯಾಗಿತ್ತು. ಮೂರನೆಯ ವಾರದಲ್ಲಿ ಭಯ ಹಿಡಿಯಿತು. ಮಿತ್ಸುಕೋವಿನ ಮುಚ್ಚಳ ತೆಗೆದರೆ ಸ್ಪಿರಿಟ್ಟಿನ ತಂಪಷ್ಟೇ ತಾಗುತ್ತಿತ್ತು. ಸೋಜಿಗವೆಂದರೆ, ಬೆಳಿಗ್ಗೆ ವಿಭೂತಿ ಧರಿಸುವಾಗ ಏನೋ ಕಳೆದಂತೆನಿಸಿ, ವಿಭೂತಿಗೂ ಒಂದು ಸೂಕ್ಷ್ಮವಾದ ವಾಸನೆಯಿತ್ತೆಂಬುದು ಅರವತ್ತು ದಾಟಿದ ಮೇಲೆ, ಅದು ಇಲ್ಲವಾದಾಗ, ನಮಗೆ ತಿಳಿಯಿತು. ಮಳೆ ಬಂದಿತು, ಅಂಬಲಪಾಡಿಯ ಗೋಡೆ ಎಂದಿನಂತೆ ಹಸಿರಾಯಿತು, ಮೂಗಿಗೆ ಮಾತ್ರ ಅದು ಚಿತ್ರಪಟದ ಗೋಡೆ.

ವೈದ್ಯರು ಒಂದು ಅಭ್ಯಾಸವನ್ನು ಹೇಳಿಕೊಟ್ಟರು. ಜರ್ಮನಿಯ ತಜ್ಞರು 2009ರಲ್ಲಿ ಪ್ರಕಟಿಸಿದ ಕ್ರಮವದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಕೆಲವು ಸೆಕೆಂಡು ಮೂಸುತ್ತ, ಆ ವಾಸನೆ ಹೇಗಿತ್ತೆಂದು ಮನಸ್ಸಿನಲ್ಲಿ ನೆನೆಯಬೇಕು. ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಇದೂ ಒಂದು ಅನುಷ್ಠಾನವೇ ಸರಿ. ನಾವು ಐದನೆಯದಾಗಿ ಕಲ್ಲುಹೂವನ್ನು ಸೇರಿಸಿಕೊಂಡೆವು. ನಡುವೆ ಕೆಲವು ದಿನ ಕಾಫಿಯು ಸುಟ್ಟ ರಬ್ಬರಿನಂತೆ ನಾರಿತು. ನರಗಳು ಮತ್ತೆ ಕೂಡಿಕೊಳ್ಳುವಾಗ ಹೀಗಾಗುವುದುಂಟೆಂದು ವೈದ್ಯರು ಧೈರ್ಯ ಹೇಳಿದರು. ಐದನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಒಳಗೆ ಮನೆಯವರು ಮಸಾಲೆ ಹುರಿಯುತ್ತಿದ್ದಾಗ, ಜಗಲಿಯಲ್ಲಿ ಓದುತ್ತಿದ್ದ ನಮಗೆ ಒಂದು ಎಳೆ ಕಹಿ, ಒಂದು ಎಳೆ ಕಾಡು ತಾಗಿತು. ಎದ್ದು ಅಡುಗೆಮನೆಗೆ ಹೋದೆವು. ‘ಏನು ಬೇಕಿತ್ತು?’ ಎಂದು ಕೇಳಿದರು. ಬಾಣಲೆಯಲ್ಲಿ ಕಲ್ಲುಹೂವು ಇತ್ತು. ಈಗಲೂ ವಾಸನೆ ಪೂರ್ತಿ ಬಂದಿಲ್ಲ. ಬರ್ಗಮಾಟಿನ ಆ ಚುರುಕು ನಮಗೆ ಅರ್ಧವೇ ಸಿಗುತ್ತದೆ. ತಳದ್ದು ಮಾತ್ರ ಪೂರ್ಣವಾಗಿ ಬಂದಿದೆ. ವಯಸ್ಸಾದಂತೆ ಮೂಗು ಹೇಗೂ ಮಂದವಾಗುವುದರಿಂದ, ಈ ಗಡುಸು ಸುಗಂಧಗಳು ಮುದುಕರ ಪಾಲಿಗೆ ದೊಡ್ಡಕ್ಷರದ ಪುಸ್ತಕದಂತೆ ಒದಗುತ್ತವೆ.

ಇನ್ನು ಟ್ರಂಕಿನ ಕುಪ್ಪಿಯ ತಾಯಿಗೆ: ಚೆಲ್ಲಬೇಡಿರಿ. ದ್ರವ ಕಂದಾಗುವುದು ಹಳೆಯ ಸುಗಂಧಗಳ ಸ್ವಭಾವ. ಬೆಳಕು, ಬಿಸಿ, ಗಾಳಿ ಈ ಮೂರೂ ಅದಕ್ಕೆ ಶತ್ರುಗಳು. ಟ್ರಂಕಿನ ಕತ್ತಲೆ ಅದಕ್ಕೆ ಒಳ್ಳೆಯದನ್ನೇ ಮಾಡಿದೆ. ಮೊದಲ ಕ್ಷಣ ಹುಳಿತ ವಾಸನೆ ಬಂದರೂ ಮೂಗು ಮುರಿಯದೆ, ಹತ್ತಿಯ ಬತ್ತಿಗೆ ಒಂದು ಹನಿ ಹಾಕಿ ಅರ್ಧ ಗಂಟೆ ಬಿಟ್ಟು ಮೂಸಿರಿ. ಮೇಲಿನ ಹುಳಿಯೆಣ್ಣೆ ಕೆಟ್ಟಿದ್ದರೂ ತಳ ಗಟ್ಟಿಯಾಗಿ ಉಳಿದಿರಬಹುದು. ಮೈಗೆ ಹಚ್ಚಬೇಡಿರಿ, ಅದರಲ್ಲಿ ಹಳೆಯ ಹಾವಸೆ ಇರುವ ಸಂಭವವುಂಟು. ಉಣ್ಣೆಯ ಬಟ್ಟೆಗೆ, ಅದೂ ಒಳಮಡಿಕೆಗೆ, ಸಾಕು. ರೇಷ್ಮೆಗೆ ಬೇಡ, ಕಲೆ ಬೀಳುತ್ತದೆ. ಕುಪ್ಪಿಯಲ್ಲಿ ನಿಮ್ಮ ಅತ್ತೆಯವರ ನೆನಪಿನ ವಾಸನೆಯೇ ಇದ್ದರೆ ಅದನ್ನು ಬಳಸುವುದಕ್ಕಿಂತ ವರ್ಷಕ್ಕೊಮ್ಮೆ ತೆರೆದು ಮುಚ್ಚುವುದು ಮೇಲು.

ಕುಪ್ಪಿಯಿಲ್ಲದವರು ಬೇಸರಿಸಬೇಕಾಗಿಲ್ಲ. ಹಿಡಿ ಕಲ್ಲುಹೂವು, ಅಷ್ಟೇ ಒಣಗಿದ ಪಚ್ಚೆತೆನೆ, ಒಂದೆಳೆ ಲಾವಂಚ, ಹೇರಳೆಕಾಯಿಯ ಒಣಸಿಪ್ಪೆ, ಮತ್ತು ಸರ್ಕಾರಿ ಮಳಿಗೆಯಿಂದ ತಂದ ಗಂಧದ ಪುಡಿ ಒಂದು ಚಿಟಿಕೆ. ಗಂಧ ಚಿಟಿಕೆಗಿಂತ ಹೆಚ್ಚು ಬೇಡ. ಇವನ್ನು ನೆರಳಿನಲ್ಲಿ ಚೆನ್ನಾಗಿ ಆರಿಸಿ, ತೆಳುವಾದ ಬಿಳಿಯ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಪುಸ್ತಕದ ಕಪಾಟಿನಲ್ಲಿಯೋ ಬಟ್ಟೆಯ ಪೆಟ್ಟಿಗೆಯಲ್ಲಿಯೋ ಇಡಿರಿ. ಮೊದಲ ವಾರ ಏನೂ ತಿಳಿಯದು. ತಿಂಗಳಾದ ಮೇಲೆ ಬಾಗಿಲು ತೆರೆದಾಗ ತಿಳಿಯುತ್ತದೆ. ಕರಾವಳಿಯವರು ಮಾತ್ರ ಮಳೆಗಾಲದಲ್ಲಿ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಶ್ರಾವಣ ಕಳೆದು ಬಿಸಿಲು ಬಿದ್ದ ಮೇಲೆ ಒಂದು ಹೊತ್ತು ಮೊರದಲ್ಲಿ ಹರವಿ ಮತ್ತೆ ಕಟ್ಟಿದರೆ ಇನ್ನೊಂದು ವರ್ಷ ಬರುತ್ತದೆ.